ಮೊಣಕಾಲೆತ್ತರದ ಕೆಮ್ಮಣ್ಣು

14 ನವೆಂಬರ್ 2025, ಬೆಳಿಗ್ಗೆ 5.40

ಚಿಕ್ಕಪ್ಪನವರಿಗೆ,

ಕೊಯಮತ್ತೂರಿನಲ್ಲಿ ಸ್ಕ್ವಾಷ್ ಪಂದ್ಯ ಗೆದ್ದು ಬರುತ್ತಿರುವ ತಂಗಿ ಚಂದ್ರಲೇಖಾಳನ್ನು ಕರೆತರಲು ಹೊಸೂರು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ.

ಅವಳ ಸನ್ಮಾನಕ್ಕೆಂದು ನೀವು ರೇಷ್ಮೆಹುಳು ಮನೆಯ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣು ಹಚ್ಚಿದ್ದನ್ನು ರಾತ್ರಿ ನೋಡಿದೆ. ಅದರಡಿ ಮುಚ್ಚಿಹೋದ ಕೆಂಪು ಗೆರೆ ಅಲಂಕಾರದ್ದಲ್ಲ. ಸ್ಕ್ವಾಷ್‌ನಲ್ಲಿ ಚೆಂಡು ಅದಕ್ಕಿಂತ ಕೆಳಗೆ ಬಡಿದರೆ ಪಾಯಿಂಟ್ ಹೋಯಿತು. ಆರು ವರ್ಷ ಚಂದ್ರಲೇಖಾ ನಿಮ್ಮ ಕಣ್ಣೆದುರೇ ಆಡಿದಳು. "ಗ್ವಾಡೆಗೆ ಚೆಂಡು ಬಡ್ಕೊಂಡು ಯಾರು ಉದ್ದಾರ ಆಗವ್ರೆ ಕಣಮ್ಮ?" ಎನ್ನುತ್ತಿದ್ದವರು ಈಗ ಫ್ಲೆಕ್ಸ್‌ನಲ್ಲಿ ಅವಳಿಗಿಂತ ದೊಡ್ಡದಾಗಿ ನಿಂತಿದ್ದೀರಿ, ಕೈಯಲ್ಲಿ ಶಟಲ್ ಬ್ಯಾಟು ಹಿಡಿದು.

ಸೋಮವಾರ ಚೆನ್ನೈಯಲ್ಲಿ ಅವಳ ಮೊದಲ ವೃತ್ತಿಪರ ಪಂದ್ಯ. ಅಲ್ಲಿಯವರೆಗೆ ಅಭ್ಯಾಸಕ್ಕೆ ಈ ಗೋಡೆಯೊಂದೇ ಗತಿ.

ನಾವು ಬರುವಷ್ಟರಲ್ಲಿ ಕೆಮ್ಮಣ್ಣಿನ ಮೇಲೆ ಸುಣ್ಣ ಬಳಿದು, ಒಣಗಿದ ಮೇಲೆ ಗೆರೆ ಎಳೆಯಿರಿ. ಶಾಲೆಯ ಕಾಲದ ಹಳೆಯ ಎತ್ತರ ಬೇಡ. ಈ ಆಟದಲ್ಲಿ ಆಡುವವರು ಮೇಲೇರಿದರೆ ಗೆರೆ ಕೆಳಗಿಳಿಯುತ್ತದೆ. ಟೇಪು ಕಿಟಕಿಯಲ್ಲಿದೆ. ದಯವಿಟ್ಟು ಮೊಣಕಾಲಿನಿಂದ ಅಳೆಯಬೇಡಿ. ನೆಲದಿಂದ ಗೆರೆಯ ಮೇಲಂಚಿಗೆ 43 ಸೆಂಟಿಮೀಟರ್.