ಮಾವನವರ ಕೆಂಪು ಸಿಗಡಿಗಳು

ತೇರದಾಳ, ಗುರುವಾರ

ಮಾವನವರಿಗೆ ಜೈ ಜಿನೇಂದ್ರ.

ನಿಮ್ಮ ಧರ್ಮದವಳಲ್ಲವೆಂದು ಮದುವೆಯಾದಂದಿನಿಂದ ನೀವು ನನ್ನೊಂದಿಗೆ ಮಾತನಾಡಿಲ್ಲ. ಹಾಗಾಗಿ ಫೋನ್ ಮಾಡದೆ, ಈ ಪತ್ರವನ್ನು ನಿಮ್ಮ ಮಗನ ಕೈಯಲ್ಲಿ ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ನೀವು ಆಸ್ಪತ್ರೆ ಸೇರಿದಾಗಿನಿಂದ ನಾನು ನಮ್ಮ ಮುಧೋಳದ ಮನೆಯಿಂದ ಬಂದು ಇಲ್ಲಿ ನಿಮ್ಮ ಮನೆಯಲ್ಲಿದ್ದೇನೆ. ಗಾಜಿನ ತೊಟ್ಟಿಯಲ್ಲಿ ನೀವು ಸಾಕಿದ ಕೆಂಪು ಸಿಗಡಿಗಳು ಚೆನ್ನಾಗಿವೆ.

ಸೋಮವಾರ ಪಾಚಿಯ ಮೇಲೆ ಒಂದು ಸಿಗಡಿ ಬೆಳ್ಳಗಾಗಿ ಬಿದ್ದಂತಿತ್ತು. ನಾನು ಕಾಲಿಟ್ಟ ಮೇಲೆ ನಿಮ್ಮ ಮನೆಯಲ್ಲೊಂದು ಜೀವ ಹೋಯಿತೆಂದು ಅತ್ತುಬಿಟ್ಟೆ. ಪಕ್ಕದ ಮನೆಯ ಅಕ್ಕವ್ವ ಬಂದು ನೋಡಿ, "ಸತ್ತಿಲ್ಲ ತಂಗಿ, ಪೊರಿ ಬಿಟ್ಟೈತಿ. ನಿಮ್ಮ ಮಾವ ಪಾರಿಸಣ್ಣ ನನಗೂ ಒಮ್ಮೆ ತೋರಿಸಿದ್ದ," ಎಂದರು. ಮರುದಿನ ಆ ಪೊರೆಯನ್ನು ಉಳಿದ ಸಿಗಡಿಗಳೇ ತಿಂದು ಮುಗಿಸಿದವು.

ಬೆನ್ನ ಮೇಲೆ ಹಳದಿ ಗುರುತಿದ್ದರೆ ಹೆಣ್ಣು ಎಂದು ನಿಮ್ಮ ನೋಟ್‌ಬುಕ್ ನೋಡಿ ತಿಳಿದುಕೊಂಡೆ. ಅಂಥದ್ದೊಂದರ ಹೊಟ್ಟೆಯಡಿ ಈಗ ಮೊಟ್ಟೆಗಳಿವೆ. ಮರಿಯಾಗಲು ಮೂರು ವಾರ ಬೇಕಂತೆ. ತಾಮ್ರ ಸಿಗಡಿಗೆ ವಿಷ, ತಾಮ್ರದ ಕೊಡದ ನೀರು ಬೇಡವೆಂದು ಅದರಲ್ಲೇ ಬರೆದಿದ್ದೀರಿ. ನಳದ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಹಾಕಿದರೆ ಸಾಕೇ?

ನೀವು ನರ್ಸ್‌ಗೆ, "ಮನ್ಯಾಗ ಸೊಸಿ ಅದಾಳ್ರಿ, ಎಲ್ಲಾ ನೋಡ್ಕೋತಾಳ," ಅಂದಿರೆಂದು ಇವರು ಹೇಳಿದರು. ಶನಿವಾರ ನಿಮ್ಮನ್ನು ಮನೆಗೆ ಕಳಿಸುತ್ತಾರಂತೆ. ಅಷ್ಟರೊಳಗೆ ನಾನು ಮುಧೋಳಕ್ಕೆ ವಾಪಸ್ ಹೊರಡಬೇಕೋ, ಮರಿಗಳಾಗುವವರೆಗೆ ಇಲ್ಲೇ ಇರಬಹುದೋ, ಇವರ ಹತ್ತಿರ ಒಂದು ಮಾತು ಹೇಳಿ ಕಳಿಸಿ.

ನಿಮ್ಮ ಸೊಸೆ,
ರಾಜಶ್ರೀ