ಒಂದು ಗೇಣು ಮೇಲೆ

೧೦ ಫೆಬ್ರವರಿ ೨೦೦೯, ಹುಮನಾಬಾದ್

ಕಲ್ಯಾಣದಿಂದ ನನ್ನ ಬಸ್ ತಡ. ಒಪಿಡಿಯಲ್ಲಿ ನಲವತ್ತಾರು ರೋಗಿಗಳು. ಎಲ್ಲರ ಮೇಲೂ ಸಿಡುಕಿದೆ. ಕೊನೆಯವಳು ಬೇಮಳಖೇಡದ ಮನಿಷಾ. ಎಂಟು ತಿಂಗಳ ಬಸುರಿ, ಏದುಸಿರು. ಅತ್ತೆ ಗಂಗುಬಾಯಿಯೇ ರೋಗ ಹೇಳಿಬಿಟ್ಟಳು: "ದಮ್ಮು ಅದರಿ. ಇಕಿ ಅವ್ವಗೂ ಇತ್ತು. ಮಲಗಿದ್ರ ಜಾಸ್ತಿ ಆಗ್ತದ."

ಸ್ಕ್ಯಾನ್ ಮಾಡಿದೆ. ಕೂಸು ಚೆನ್ನಾಗಿದೆ. ದಮ್ಮಿಗೆ ಬಾಯಲ್ಲಿ ಸೇದುವ ಪಂಪ್ ಬರೆದೆ. ವಾರ ಬಿಟ್ಟು ಬಾ ಅಂದೆ. ಹಸಿವಾಗಿತ್ತು.

೧೫ ಫೆಬ್ರವರಿ

ಹೈದರಾಬಾದಿನಲ್ಲಿ ಡಾಕ್ಟರುಗಳ ಮೀಟಿಂಗ್. ಮುಕ್ಕಾಲು ಪಾಲು ಆಕಳಿಕೆ. ಒಬ್ಬರು ಮಾತ್ರ ಹೊಸದು ತೋರಿಸಿದರು— ಹೊಟ್ಟೆಯ ಮೇಲಿಡುವ ಸ್ಕ್ಯಾನಿನ ಪ್ರೋಬನ್ನೇ ಎದೆಯ ಮೇಲಿಡುವುದು. ಶ್ವಾಸಕೋಶದಲ್ಲಿ ನೀರಿದ್ದರೆ ಪರದೆಯ ಮೇಲಿಂದ ಕೆಳತನಕ ಬಿಳಿ ಗೆರೆಗಳು. ಬರೀ ದಮ್ಮಾದರೆ ಗೆರೆ ಇಲ್ಲ. ಹಾಸಿಗೆ ಪಕ್ಕದಲ್ಲೇ, ಎರಡು ನಿಮಿಷ.

ವಾಪಸ್ ಬರುವಾಗ, ಮನ್ನಾಏಖೇಳ್ಳಿ ಹತ್ತಿರ, ಹೊಳೆಯಿತು. ಮಲಗಿದರೆ ಜಾಸ್ತಿ... ಮನಿಷಾಳ ಕಾಲೂ ಬಾತಿತ್ತು. ದಮ್ಮಲ್ಲ, ಹೃದಯ ಸೋತಿದೆ. ಪ್ರೋಬ್ ಕೈಯಲ್ಲೇ ಇತ್ತು. ಒಂದು ಗೇಣು ಮೇಲೆ ಸರಿಸಲಿಲ್ಲ. ಊರಿಗೆಲ್ಲ ಸ್ಕ್ಯಾನ್ ಅಂದರೆ ಕೂಸು. ನನಗೂ ಅಷ್ಟೇ. ಕೇಸ್ ಪೇಪರಿನಲ್ಲಿ ಫೋನ್ ನಂಬರ್ ಇಲ್ಲ.

೧೭ ಫೆಬ್ರವರಿ, ಮಂಗಳವಾರ

ಬರಲಿಲ್ಲ. ಬೇಮಳಖೇಡದ ಕಡೆಯವರು ಸಿಕ್ಕಾಗಲೆಲ್ಲ, ಮನಿಷಾಳನ್ನು ಕೂಡಲೇ ಕರೆತನ್ನಿ ಎಂದು ಹೇಳಿ ಕಳಿಸಿದೆ. ಊಟ ಸೇರಲಿಲ್ಲ.

೧೯ ಫೆಬ್ರವರಿ, ಮಧ್ಯಾಹ್ನ ೧

ಜೀಪಿನಲ್ಲಿ ತಂದರು. ತುಟಿ ನೀಲಿ. ಕರೀಮಾ ಸಿಸ್ಟರ್ ಮಷೀನನ್ನು ಹಾಸಿಗೆ ಹತ್ತಿರ ತಳ್ಳಿಕೊಂಡು ಬಂದಳು. ಎದೆಗೆ ಜೆಲ್ ಹಚ್ಚಿದೆ. ಆ ಏದುಸಿರಲ್ಲೂ ಮನಿಷಾ ನನ್ನ ಕೈ ಹಿಡಿದು ಕೆಳಗೆಳೆದಳು.

"ಡಾಕ್ಟರ್ ಬಾಯಿ... ಕೂಸು ಕೆಳಗ ಅದರಿ."

"ಕೂಸಲ್ಲವ್ವ. ನಿನ್ನ ನೋಡಾಕತ್ತೇನಿ."

"ನನ್ನ... ಏನು ನೋಡ್ತೀರಿ?"

ಪರದೆ ತುಂಬ ಬಿಳಿ ಗೆರೆ. ಎರಡೂ ಕಡೆ. ಆಕ್ಸಿಜನ್, ನೀರಿಳಿಸುವ ಇಂಜೆಕ್ಷನ್, ಅದೇ ಜೀಪಿನಲ್ಲಿ ಗುಲಬರ್ಗಾಕ್ಕೆ.

೨೧ ಫೆಬ್ರವರಿ

ಹೆಣ್ಣು ಕೂಸು ಉಳಿಯಿತು. ಮನಿಷಾ ಹೋದಳು. ಕರೀಮಾ ಎದುರಿಗೇ ಅತ್ತುಬಿಟ್ಟೆ.

೨೬ ಮಾರ್ಚ್

ಮನಿಷಾಳ ಗಂಡ ಜ್ಞಾನೇಶ್ವರ ಬಂದಿದ್ದ. ಕುರಿ ಕಾಯುವವನು. ಕಂಬಳಿಯಲ್ಲಿ ಕೂಸು. ಅದಕ್ಕೆ ನೆಗಡಿ, ಅಷ್ಟೇ. ಹೊರಟವನು ಬಾಗಿಲಲ್ಲಿ ನಿಂತ. ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ.

"ಲಗೂ ಗೊತ್ತಾಗಿದ್ರ ಉಳೀತಿದ್ಳು ಅಂದ್ರು ಗುಲಬರ್ಗಾದಾಗ. ಮೊದಲ್ನೇ ಸಲ ಬಂದಾಗ ಮಷೀನಿನ್ಯಾಗ ಕಾಣಸ್ತಿತ್ತೇನ್ರಿ ಬಾಯಿ?"

"ಇಲ್ಲಪ್ಪ," ಅಂದುಬಿಟ್ಟೆ. "ಕಾಣಸ್ತಿದ್ದಿಲ್ಲ."

ಕೂಸಿನ ಮೇಲೆ ಕಂಬಳಿ ಸರಿಮಾಡಿದ.

"ಹಂಗಾದ್ರ ತಪ್ಪ ನಂದೇರಿ. ನೀವು ಮಂಗಳಾರ ಬಾ ಅಂದಿದ್ರಿ. ನಾ ಕುರಿ ಬಿಟ್ಟು ಬರಲಿಲ್ಲ."

ಅಲ್ಲ ಅನ್ನಬೇಕಿತ್ತು. ಬಾಯಿ ತೆರೆದೆ. ಆಮೇಲೆ ನಾನು ಕೂಸಿನ ನೆಗಡಿಗೆ ಎಷ್ಟು ಹನಿ ಹಾಕಬೇಕೆಂದು ಹೇಳಿ ಕಳಿಸಿದೆ.