ತಡೆದರೂ ತಲುಪಿದ ಸಂದೇಶ

ಮಂಗಳವಾರ, ಮಾರ್ಚ್ ೧೨

ಆ ಒಬ್ಬ ರೋಗಿಯ ಫೋನ್ ಇನ್ನೂ ಆಫ್ ಆಗಿದೆ.

ಆಸ್ಪತ್ರೆಯ ಹೊಸ ವೆಬ್‌ಪುಟದಿಂದ ಬೇರೆ ಡೊಮೈನಿನಲ್ಲಿರುವ ಸಂದೇಶದ ಸರ್ವರಿಗೆ ಕೋರಿಕೆ ಕಳಿಸುವುದು ಸಾಫ್ಟ್‌ವೇರ್ ತಂಡದ ನಮಗೆ ಇಂದಿನ ಕೆಲಸವಾಗಿತ್ತು; ಅದು ರೋಗಿಗಳ ಫೋನಿಗೆ ಸಂದೇಶ ಕಳಿಸುವ ಸರ್ವರ್. ‘ನಾಳೆಯ ಆಪರೇಷನ್ ಮುಂದೂಡಲಾಗಿದೆ’ ಎಂದು ಬರೆದು, ನಾವೆಲ್ಲ ಅವಸರಪ್ಪ ಎಂದು ಕರೆಯುವ ಸಹೋದ್ಯೋಗಿ ಪರೀಕ್ಷೆಗೆಂದು ಬಟನ್ ಒತ್ತಿದ. ಬೇರೆ ಡೊಮೈನು, ಅಂದರೆ ಬೇರೆ ವೆಬ್ ವಿಳಾಸ, ಎಂಬ ಕಾರಣಕ್ಕೆ ಬ್ರೌಸರ್ ಕೆಂಪಕ್ಷರದಲ್ಲಿ ‘ತಡೆಯಲಾಗಿದೆ’ ಎಂದು ತೋರಿಸಿತು.

“ಹೋಗ್ಲಿಲ್ಲ ಬಿಡಿ ಅಕ್ಕಾ, ಅಡ್ಡಗಾಲು ಹಾಕ್ತು” ಎಂದ. ನಾನೂ ನಂಬಿದೆ. ಅದು ತಡೆದದ್ದು ಸರ್ವರಿನ ಉತ್ತರವನ್ನು ನಾವು ಓದುವುದನ್ನು ಮಾತ್ರ; ಕೋರಿಕೆ ಆಗಲೇ ತಲುಪಿತ್ತು. ಅದರಲ್ಲಿದ್ದದ್ದು ನಿಜವಾದ ರೋಗಿಗಳ ನಂಬರುಗಳು.

ಸಂಜೆ ಒಬ್ಬ ಹೆಂಗಸು ಫೋನ್ ಮಾಡಿದಾಗಲೇ ಗೊತ್ತಾಗಿದ್ದು. “ನಾಳೆ ಇಲ್ವಂತಲ್ಲಾ? ರಕ್ತ ತೆಳು ಮಾಡೋ ಮಾತ್ರೆ ಮತ್ತೆ ನುಂಗ್ಬಿಡ್ಲಾ ಅಂತಿದಾರೆ ನಮ್ಮನೆಯವ್ರು.”

“ಬೇಡಮ್ಮಾ, ಬೇಡ!” ಎಂದು ಕಿರುಚಿದೆ. ನಾನು ಕಿರುಚುವವಳಲ್ಲ. ಆಪರೇಷನ್ ನಾಳೆಯೇ ಇದೆ; ಆ ಮಾತ್ರೆ ನುಂಗಿದ್ದರೆ ಕೊಯ್ದಾಗ ರಕ್ತ ನಿಲ್ಲುವುದಿಲ್ಲ.

ಸಂದೇಶ ಹೋದ ಉಳಿದವರೆಲ್ಲ ಫೋನಿನಲ್ಲಿ ಸಿಕ್ಕರು. ಈ ಒಬ್ಬರಿಗೂ ಡಾಕ್ಟರು ಅದೇ ಮಾತ್ರೆ ನಿಲ್ಲಿಸಿದ್ದರು; ಸಂದೇಶ ತಲುಪಿದ ಮೇಲೆಯೇ ಅವರ ಫೋನ್ ಆಫ್ ಆಗಿದೆ. ಮಲಗುವ ಮುಂಚೆ ನುಂಗುವಂಥದ್ದು. ಅವಸರಪ್ಪ ವಿಳಾಸ ಹುಡುಕಿಕೊಂಡು ಹೋಗಿದ್ದಾನೆ. ಅವನ ಕರೆಯನ್ನು ಸ್ಪೀಕರಿಗೆ ಹಾಕಿ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

“ಬೆಲ್ ಒತ್ತಿದೆ ಅಕ್ಕಾ. ಒಳಗೆ ಲೈಟ್ ಹತ್ತಿತು.”

ಕೇಳು ಅವರನ್ನು, ಮಾತ್ರೆ ನುಂಗಿದರಾ ಎಂದು ಮೊದಲು ಅದನ್ನೇ ಕೇಳು. ಚಿಲಕ ತೆಗೆದ ಸದ್ದು. ಯಾರೋ ಮಾತಾಡುತ್ತಿದ್ದಾರೆ, ಏನೆಂದು ಕೇಳಿಸುತ್ತಿಲ್ಲ. ಪೆನ್ನು ಇಟ್ಟು ಫೋನನ್ನು ಕಿವಿಗೆ ಹಿಡಿಯುತ್ತೇನೆ.